ಸಾರಾ ಸಿಡನ್ಸ್: ದಂತಕಥೆಯನ್ನು ತೆಗೆದ ಮೇಲೆ ಉಳಿಯುವುದೇನು?

ಪ್ರಶ್ನೆ: ನಾನು ಶಿವಮೊಗ್ಗದ ಹವ್ಯಾಸಿ ರಂಗತಂಡವೊಂದರಲ್ಲಿ ಹಲವು ವರ್ಷಗಳಿಂದ ಅಭಿನಯಿಸುತ್ತಿದ್ದೇನೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ನಟಿ ಸಾರಾ ಸಿಡನ್ಸ್ ಕುರಿತು ಒಂದು ಗಂಟೆಯ ಏಕವ್ಯಕ್ತಿ ಪ್ರಯೋಗವನ್ನು ಬರೆಯುತ್ತಿದ್ದೇನೆ. ಓದಿದ ಕಡೆಯೆಲ್ಲ ಸಿಕ್ಕಿದ್ದು ಒಂದೇ ಬಗೆಯ ಕಥೆ. ಆಕೆ ಹೆಂಡದಂಗಡಿಯಲ್ಲಿ ಹುಟ್ಟಿದ ಬಡ ಹುಡುಗಿ, ಆ ಕಾಲದ ಪ್ರಸಿದ್ಧ ನಟ, ಡ್ರೂರಿ ಲೇನ್ ರಂಗಮಂದಿರದ ಒಡೆಯ ಡೇವಿಡ್ ಗ್ಯಾರಿಕ್ ಅಸೂಯೆಯಿಂದ ಆಕೆಯನ್ನು ಲಂಡನ್ನಿನಿಂದ ಹೊರಹಾಕಿದ, ಆರು ವರ್ಷಗಳ ನಂತರ ಮರಳಿ ಬಂದು ಒಂದೇ ರಾತ್ರಿಯಲ್ಲಿ ದುರಂತ ನಾಟಕಗಳ ರಾಣಿಯಾದಳು, ಆಕೆಯ ಅಭಿನಯ ಕಂಡು ಜನ ಮೂರ್ಛೆ ಹೋಗುತ್ತಿದ್ದರು. ಇನ್ನು ಕೆಲವರು ಆಕೆಯನ್ನು ಜಿಪುಣಿಯೆಂದೂ ಮಕ್ಕಳು ಸಾಯುತ್ತಿದ್ದರೂ ರಂಗ ಬಿಡದವಳೆಂದೂ ಬರೆದಿದ್ದಾರೆ. ಇವುಗಳಲ್ಲಿ ಯಾವುದು ನಿಜ? ಸುಳ್ಳನ್ನೆಲ್ಲ ತೆಗೆದುಹಾಕಿದರೆ ಅಭಿನಯಿಸಲು ಏನಾದರೂ ಉಳಿಯುತ್ತದೆಯೇ ಎಂಬ ಭಯ ನನ್ನದು. ಆಕೆ ನಿಜವಾಗಿ ಹೇಗೆ ಅಭಿನಯಿಸುತ್ತಿದ್ದಳೆಂದು ತಿಳಿಯುವ ದಾರಿ ಇದೆಯೇ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ರಂಗ ಇತಿಹಾಸವನ್ನು ಪಾಠ ಮಾಡುವ ನನ್ನಂಥವರ ಬಳಿಗೆ ನಟನಟಿಯರು ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಕಥೆಯೇ ನಾಟಕೀಯವಾಗಿರುವಾಗ ಇತಿಹಾಸಕಾರ ಬಂದು ಅದರ ರಸವನ್ನು ಹಿಂಡಿಬಿಡುತ್ತಾನೆ ಎಂಬ ಆತಂಕವದು. ಸಿಡನ್ಸಳ ವಿಷಯದಲ್ಲಿ ನಡೆಯುವುದು ಅದಕ್ಕೆ ವಿರುದ್ಧ ಎಂಬುದು ನನ್ನ ದೃಢ ಅಭಿಪ್ರಾಯ. ಆಕೆಯ ದಂತಕಥೆ ಮುಚ್ಚಿಟ್ಟಿರುವುದು ಒಬ್ಬ ದುಡಿಯುವ ಹೆಂಗಸಿನ ವರ್ಷಾನುಗಟ್ಟಲೆಯ ಶ್ರಮವನ್ನು, ಮತ್ತು ರಂಗದ ಮೇಲೆ ತರಲು ಯೋಗ್ಯವಾದದ್ದು ಅದೇ.

ಹುಟ್ಟಿನ ವಿವರ ನಿಜ. 1755ರ ಜುಲೈ 5ರಂದು ವೇಲ್ಸ್‌ನ ಬ್ರೆಕನ್ ಎಂಬ ಊರಿನ ‘ಷೋಲ್ಡರ್ ಆಫ್ ಮಟನ್’ ಎಂಬ ಹೆಂಡದಂಗಡಿಯಲ್ಲಿ ಆಕೆ ಹುಟ್ಟಿದಳು. ಆದರೆ ಅದು ನಿರ್ಗತಿಕರ ಕಥೆಯಲ್ಲ. ತಂದೆ ರಾಜರ್ ಕೆಂಬಲ್ ಸಂಚಾರಿ ನಾಟಕ ಕಂಪನಿಯೊಂದರ ಮಾಲೀಕ, ತಾಯಿಯೂ ನಟಿ, ಹನ್ನೆರಡು ಮಕ್ಕಳಲ್ಲಿ ಸಾರಾ ಮೊದಲನೆಯವಳು. ಕಂಪನಿ ಆ ಊರಿನಲ್ಲಿ ಮೊಕ್ಕಾಂ ಮಾಡಿತ್ತು, ಅಷ್ಟೆ. 1737ರ ಪರವಾನಗಿ ಕಾಯಿದೆಯ ನಂತರ ಮಾತಿನ ನಾಟಕವನ್ನು ಆಡುವ ಅಧಿಕಾರ ರಾಜಸನದು ಪಡೆದ ರಂಗಮಂದಿರಗಳಿಗೆ ಮಾತ್ರ ಸೀಮಿತವಾಗಿತ್ತು. ಸಂಚಾರಿ ಕಂಪನಿಗಳು ಸಂಗೀತ ಕಚೇರಿಗೆಂದು ಹಣ ಪಡೆದು, ನಡುವೆ ನಾಟಕವನ್ನು ‘ಉಚಿತವಾಗಿ’ ತೋರಿಸುವಂಥ ಉಪಾಯಗಳಿಂದ ಬದುಕುತ್ತಿದ್ದವು. ಬಾಲ್ಯದಿಂದಲೇ ರಂಗ ಹತ್ತಿದ ಹುಡುಗಿ ಕಲಿತದ್ದು ಕಲೆಯೊಂದನ್ನೇ ಅಲ್ಲ, ಅದರ ಅಸ್ಥಿರ ಆದಾಯವನ್ನೂ. ಕಂಪನಿಯ ನಟ ವಿಲಿಯಂ ಸಿಡನ್ಸ್‌ನನ್ನು ಮದುವೆಯಾಗುವುದನ್ನು ತಂದೆತಾಯಿ ಒಪ್ಪದೆ, ವಾರಿಕ್‌ಷರ್‌ನ ಗೈಸ್ ಕ್ಲಿಫ್ ಎಂಬ ಬಂಗಲೆಗೆ ಆಕೆಯನ್ನು ಕೆಲಸಕ್ಕೆ ಕಳುಹಿಸಿದ್ದರು. ಅಲ್ಲಿಂದ ಹಿಂತಿರುಗಿ 1773ರ ನವೆಂಬರ್‌ನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆತನನ್ನೇ ಮದುವೆಯಾದಳು.

ಗ್ಯಾರಿಕ್‌ನ ಅಸೂಯೆಯ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. 1774ರಲ್ಲಿ ಚೆಲ್ಟನ್ಹಮ್‌ನಲ್ಲಿ ಆಟ್ವೇಯ ‘ವೆನಿಸ್ ಪ್ರಿಸರ್ವ್ಡ್’ ದುರಂತ ನಾಟಕದಲ್ಲಿ ಆಕೆ ಆಡಿದ ಬೆಲ್ವಿಡೆರಾ ಪಾತ್ರವನ್ನು ಕಂಡ ಶ್ರೀಮಂತ ಪ್ರೇಕ್ಷಕರು ಗ್ಯಾರಿಕ್‌ಗೆ ಸುದ್ದಿ ಮುಟ್ಟಿಸಿದರು. ಆತ ತನ್ನವರನ್ನು ಕಳುಹಿಸಿ ಆಕೆಯ ಅಭಿನಯವನ್ನು ನೋಡಿಸಿ ಲಂಡನ್ನಿನ ತನ್ನ ಡ್ರೂರಿ ಲೇನ್ ರಂಗಮಂದಿರಕ್ಕೆ ಕರೆಸಿಕೊಂಡ. ಅಲ್ಲಿ ಆಕೆ ಮೊದಲು ಕಾಣಿಸಿಕೊಂಡದ್ದು 1775ರ ಡಿಸೆಂಬರ್ 29ರಂದು, ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಪೋರ್ಷಿಯಾ ಆಗಿ. ಎರಡನೆಯ ಮಗು ಹುಟ್ಟಿದ್ದು ಅದೇ ವರ್ಷದ ನವೆಂಬರ್ 5ರಂದು. ಹೆರಿಗೆಯಾಗಿ ಎಂಟು ವಾರವೂ ತುಂಬದ, ಇಪ್ಪತ್ತರ ವಯಸ್ಸಿನ ತಾಯಿ ಪರಿಚಯವಿಲ್ಲದ ದೊಡ್ಡ ಪ್ರೇಕ್ಷಾಗೃಹದಲ್ಲಿ ನಿಂತಿದ್ದಳು. ಧ್ವನಿ ಹಿಂದಿನ ಸಾಲುಗಳಿಗೆ ಮುಟ್ಟಲಿಲ್ಲ, ವಿಮರ್ಶಕರು ಮೆಚ್ಚಲಿಲ್ಲ. ಆಮೇಲೆ ಬಂದ ಪಾತ್ರಗಳೂ ಆಕೆಗೆ ಒಗ್ಗುವಂಥವಾಗಿರಲಿಲ್ಲ. ಬೆನ್ ಜಾನ್ಸನ್‌ನ ‘ಎಪಿಸೀನ್’ ನಾಟಕದ ಮುಖ್ಯ ಪಾತ್ರವೆಂದರೆ ಹೆಣ್ಣಿನ ವೇಷ ಹಾಕಿದ ಹುಡುಗ. ಆ ಗುಟ್ಟೇ ನಾಟಕದ ಜೀವ. ಅದಕ್ಕೆ ನಿಜವಾದ ಹೆಂಗಸನ್ನು ಹಾಕಿದಾಗ ನಾಟಕ ಸೋತದ್ದರಲ್ಲಿ ಆಕೆಯ ತಪ್ಪಿರಲಿಲ್ಲ.

ಆ ಹೊತ್ತಿಗೆ ಗ್ಯಾರಿಕ್ ನಿವೃತ್ತಿಯ ಅಂಚಿನಲ್ಲಿದ್ದ, ತನ್ನ ಹಿರಿಯ ನಟಿಯರ ಜಗಳಗಳಿಂದ ಬೇಸತ್ತಿದ್ದ. ಅವರನ್ನು ಕೆಣಕಲು ತನ್ನನ್ನು ಬಳಸಿಕೊಂಡನೆಂದು ಸಿಡನ್ಸ್ ಬಹುಕಾಲದ ನಂತರ ತನ್ನ ನೆನಪುಗಳಲ್ಲಿ ಬರೆದಳು. ಅದು ಆಕೆಯ ಅನುಭವದ ನೋವು, ಅದಕ್ಕೆ ಗೌರವ ಸಲ್ಲಬೇಕು. ಆದರೆ 1776ರ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಆಕೆಯ ಕೈಗೆ ‘ಇನ್ನು ನಿಮ್ಮ ಸೇವೆ ಬೇಕಿಲ್ಲ’ ಎಂದು ರಂಗದ ಮರೆಯಿಂದ ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್‌ನ ಪತ್ರ ಬಂದಾಗ ಆಡಳಿತ ಆಗಲೇ ನಾಟಕಕಾರ ಷೆರಿಡನ್ ಮತ್ತು ಆತನ ಪಾಲುದಾರರಿಗೆ ಹೋಗಿತ್ತು. ನಿಮ್ಮ ನಾಟಕದಲ್ಲಿ ಗ್ಯಾರಿಕ್‌ನನ್ನು ಖಳನಾಯಕನನ್ನಾಗಿ ಮಾಡಿದರೆ ಬಾಣಂತನ, ಒಗ್ಗದ ಪಾತ್ರಗಳು, ಧ್ವನಿಯ ಅಪಕ್ವತೆ ಎಂಬ ಮೂರು ನಿಜ ಕಾರಣಗಳೂ ಮರೆಯಾಗುತ್ತವೆ. ಆ ಪತ್ರದ ಪೆಟ್ಟು ಮಾತ್ರ ಕಟ್ಟುಕಥೆಯಲ್ಲ. ಸುಮಾರು ಒಂದೂವರೆ ವರ್ಷ ತಾನು ಕ್ಷಯಿಸಿಹೋಗುತ್ತಿದ್ದೇನೆಂದು ಎಲ್ಲರೂ ಭಾವಿಸಿದ್ದರೆಂದೂ ಮಕ್ಕಳಿಗೋಸ್ಕರ ಎದ್ದು ನಿಂತೆನೆಂದೂ ಆಕೆಯೇ ಹೇಳಿಕೊಂಡಿದ್ದಾಳೆ.

ನಿಮ್ಮ ಪ್ರಯೋಗದ ತಿರುಳು ಇರುವುದು ಮುಂದಿನ ಆರು ವರ್ಷಗಳಲ್ಲಿ. ಜೀವನಚರಿತ್ರೆಗಳು ಇವನ್ನು ಒಂದೆರಡು ಪುಟಗಳಲ್ಲಿ ದಾಟಿಬಿಡುತ್ತವೆ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಯಾರ್ಕ್, ಕೊನೆಗೆ 1778ರಿಂದ ಬಾತ್. ಲಂಡನ್ನಿನ ಹೊರಗೆ ರಾಜಸನದು ಪಡೆದಿದ್ದ ರಂಗಮಂದಿರಗಳಲ್ಲಿ ಬಾತ್‌ನದೂ ಒಂದು, ವಾರದ ಸಂಬಳ ಮೂರು ಪೌಂಡು. ಆಡಳಿತ ಆಕೆಯ ದುರಂತ ನಾಟಕಗಳಿಗೆ ಕೊಟ್ಟದ್ದು ಗುರುವಾರ ರಾತ್ರಿಗಳನ್ನು. ಅಂದು ಊರಿನ ಗಣ್ಯರೆಲ್ಲ ನೃತ್ಯಕೂಟಕ್ಕೆ ಹೋಗುತ್ತಿದ್ದುದರಿಂದ ರಂಗಮಂದಿರ ಖಾಲಿ ಹೊಡೆಯುತ್ತಿತ್ತು. ನಿಧಾನವಾಗಿ ಆ ಗುರುವಾರಗಳೇ ತುಂಬತೊಡಗಿದವು. ಬಾತ್ ಮತ್ತು ಬ್ರಿಸ್ಟಲ್ ಎರಡೂ ರಂಗಮಂದಿರಗಳು ಒಂದೇ ಆಡಳಿತದಲ್ಲಿದ್ದವು. ಸೋಮವಾರ ಬೆಳಗ್ಗೆ ಬಾತ್‌ನಲ್ಲಿ ತಾಲೀಮು, ಸಂಜೆ ಬ್ರಿಸ್ಟಲ್‌ನಲ್ಲಿ ಪ್ರದರ್ಶನ, ಅದು ಮುಗಿದ ಮೇಲೆ ರಾತ್ರಿಯಲ್ಲಿ ಹನ್ನೆರಡು ಮೈಲಿ ಗಾಡಿಯಲ್ಲಿ ಹಿಂತಿರುಗಿ, ಮಂಗಳವಾರ ಮತ್ತೆ ಬಾತ್‌ನಲ್ಲಿ ಇನ್ನೊಂದು ಪಾತ್ರ. ಈ ದಿನಚರಿಯನ್ನು ನೆನೆದು, ಅದನ್ನೆಲ್ಲ ತಾನು ಹೇಗೆ ತಾಳಿಕೊಂಡೆನೋ ಎಂದು ಆಕೆಯೇ ಆಶ್ಚರ್ಯಪಟ್ಟಿದ್ದಾಳೆ. ಇದರ ನಡುವೆ ಮತ್ತೆರಡು ಹೆರಿಗೆಗಳಾದವು, ಒಂದು ಶಿಶು ಉಳಿಯಲಿಲ್ಲ. ಹತ್ತಾರು ಪಾತ್ರಗಳು ಕಂಠಸ್ಥವಾದದ್ದು, ಧ್ವನಿ ಬಲಿತದ್ದು, ಪ್ರೇಕ್ಷಕರ ಮೌನವನ್ನು ಹೇಗೆ ಹಿಡಿದಿಡಬೇಕೆಂಬುದು ತಿಳಿದದ್ದು ಆ ರಸ್ತೆಯಲ್ಲಿ, ಆ ಗುರುವಾರಗಳಲ್ಲಿ.

1782ರಲ್ಲಿ ಡ್ರೂರಿ ಲೇನ್ ಮತ್ತೆ ಕರೆದಾಗ ಬಾತ್‌ನ ಪ್ರೇಕ್ಷಕರಿಗೆ ವಿದಾಯ ಹೇಳುತ್ತ, ತಾನು ಹೊರಡಲು ಮೂರು ಕಾರಣಗಳಿವೆ ಎಂದು ತನ್ನ ಮೂವರು ಮಕ್ಕಳನ್ನೇ ರಂಗದ ಮೇಲೆ ಕರೆತಂದು ತೋರಿಸಿದಳು. ಆಗ ಆಕೆ ಮತ್ತೊಮ್ಮೆ ಗರ್ಭಿಣಿ. ಭಾವನೆ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇದ್ದ ಕ್ಷಣವಿದು, ಎರಡನ್ನೂ ಕಾಣಿಸಿ. ತಾಯ್ತನವನ್ನು ಮರೆಮಾಡದೆ, ಅದನ್ನೇ ತನ್ನ ಮರ್ಯಾದೆಯ ಆಧಾರವಾಗಿ ಪ್ರೇಕ್ಷಕರ ಮುಂದಿಟ್ಟ ನಟಿ ಆಕೆ. ನಟಿಯರೆಂದರೆ ಶೀಲವಿಲ್ಲದವರು ಎಂಬ ಮಾತು 1660ರ ದಶಕದಲ್ಲಿ ಹೆಂಗಸರು ಇಂಗ್ಲಿಷ್ ರಂಗವನ್ನು ಹತ್ತಿದಂದಿನಿಂದಲೂ ಬೆನ್ನಟ್ಟಿ ಬಂದಿತ್ತು, ಅದಕ್ಕೆ ಆಕೆ ಕಂಡುಕೊಂಡ ಉತ್ತರ ಇದು.

ಹೀಗಿರುವಾಗ 1782ರ ಅಕ್ಟೋಬರ್ 10ರ ರಾತ್ರಿಯನ್ನು ‘ಒಂದೇ ರಾತ್ರಿಯ ಗೆಲುವು’ ಎಂದು ಕರೆಯುವುದು ಸರಿಯಲ್ಲ. ನಾಟಕಕಾರ ಸದರ್ನ್‌ನ ಹಳೆಯ ನಾಟಕವನ್ನು ಗ್ಯಾರಿಕ್ ತಿದ್ದಿದ್ದ ರೂಪದಲ್ಲಿ ಆಕೆ ಇಸಾಬೆಲ್ಲಾ ಆಗಿ ನಿಂತಳು, ಆಕೆಯ ಮಗ ಹೆನ್ರಿಯೇ ನಾಟಕದೊಳಗೂ ಮಗನಾಗಿದ್ದ. ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ಗಂಟಲು ಕಟ್ಟಿತ್ತು. ಆ ರಾತ್ರಿ ಜೊತೆಗೆ ತಂದೆಯೂ ಬಂದಿದ್ದ. ನಾಟಕ ಮುಗಿದ ಮೇಲೆ ಮನೆಯಲ್ಲಿ ಗಂಡ, ತಂದೆ ಮತ್ತು ತಾನು ಮಾತಿಲ್ಲದೆ ಊಟಕ್ಕೆ ಕುಳಿತದ್ದನ್ನು, ನಡುವೆ ತಂದೆ ಚಾಕು ಮುಳ್ಳುಚಮಚಗಳನ್ನು ಕೆಳಗಿಟ್ಟು ಅತ್ತದ್ದನ್ನು ಆಕೆ ನೆನಪಿಸಿಕೊಂಡಿದ್ದಾಳೆ. ರಂಗಮಂದಿರದ ಕರತಾಡನಕ್ಕಿಂತ ಈ ಊಟದ ಮೇಜನ್ನು ನಿಮ್ಮ ಪ್ರೇಕ್ಷಕರಿಗೆ ತೋರಿಸಿ ಎಂದು ನಾನು ಹೇಳುತ್ತೇನೆ.

ಮೂರ್ಛೆಯ ವಿಷಯಕ್ಕೆ ಬರೋಣ. ಜನ ಬಿಕ್ಕಿ ಅತ್ತದ್ದಕ್ಕೆ, ಪ್ರಜ್ಞೆ ತಪ್ಪಿದವರನ್ನು ಹೊರಗೆ ಒಯ್ದದ್ದಕ್ಕೆ ಸಮಕಾಲೀನರ ಸಾಕ್ಷ್ಯಗಳಿವೆ, ಆದ್ದರಿಂದ ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಆದರೆ ಕಾರಣ ಆಕೆಯೊಬ್ಬಳಲ್ಲೇ ಇರಲಿಲ್ಲ. ಆಗಿನ ಪ್ರೇಕ್ಷಾಗೃಹದಲ್ಲಿ ನಾಟಕದುದ್ದಕ್ಕೂ ದೀಪಗಳು ಉರಿಯುತ್ತಿದ್ದವು, ಪ್ರೇಕ್ಷಕರು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಕಣ್ಣೀರು ಹಾಕುವುದು ಸಂಸ್ಕಾರದ ಗುರುತೆಂದು ನಂಬಿದ ಕಾಲವದು. ಎಲ್ಲ ಊರೂ ಹಾಗಿರಲಿಲ್ಲ ಎಂಬುದಕ್ಕೆ 1784ರ ಎಡಿನ್‌ಬರೋ ಸಾಕ್ಷಿ. ಅಲ್ಲಿನ ಜನ ಮೊದಲು ಕಲ್ಲಿನಂತೆ ಕುಳಿತಿದ್ದರಂತೆ. ಆಕೆ ತನ್ನ ಶಕ್ತಿಯನ್ನೆಲ್ಲ ಸುರಿದು ಒಂದು ಮಾತನ್ನು ಹೇಳಿ ನಿಂತಾಗ ಯಾರೋ ಒಬ್ಬ ‘ಪರವಾಗಿಲ್ಲವೇ!’ ಎಂದು ಕೂಗಿದನಂತೆ, ಸಭೆಯೆಲ್ಲ ನಕ್ಕು, ಆಮೇಲೆ ಚಪ್ಪಾಳೆ ಸಿಡಿಯಿತಂತೆ. ಇದು ಆಕೆಯ ಜೀವನಚರಿತ್ರೆಕಾರ ಥಾಮಸ್ ಕ್ಯಾಂಬೆಲ್ ದಾಖಲಿಸಿದ ಪ್ರಸಂಗ.

ಜಿಪುಣತನದ ಆರೋಪದ ಮೂಲ ಅದೇ 1784ರ ಡಬ್ಲಿನ್ ಪ್ರವಾಸ. ಸಹನಟರ ಸಹಾಯಾರ್ಥ ಪ್ರದರ್ಶನಗಳಲ್ಲಿ ಆಡಲು ಆಕೆ ನಿರಾಕರಿಸಿದಳೆಂಬ ಸುದ್ದಿ ಹಬ್ಬಿತು. ಒಂದು ರಾತ್ರಿಯ ಗಳಿಕೆ ಒಬ್ಬ ಕಲಾವಿದರಿಗೆ ಸಲ್ಲುವ ಏರ್ಪಾಡು ಅದು, ನಮ್ಮ ಕಂಪನಿ ನಾಟಕಗಳವರಿಗೂ ‘ಬೆನಿಫಿಟ್’ ಎಂದರೆ ಗೊತ್ತು. ಸಂಬಳ ಸಣ್ಣದು, ಅದೂ ಖಚಿತವಿಲ್ಲದ್ದು, ಹೀಗಾಗಿ ನಟರ ಬದುಕು ನಿಂತಿದ್ದುದೇ ಇಂಥ ರಾತ್ರಿಗಳ ಮೇಲೆ, ಆರೋಪದ ತೀವ್ರತೆಗೆ ಕಾರಣವೂ ಅದೇ. ಅಕ್ಟೋಬರ್ 5ರಂದು ಡ್ರೂರಿ ಲೇನ್‌ಗೆ ಮರಳಿದಾಗ ಪ್ರೇಕ್ಷಕರು ಮಾತಾಡಲೂ ಬಿಡದೆ ಧಿಕ್ಕರಿಸಿದರು, ಆಕೆ ಕುಸಿದುಬಿದ್ದಳು, ಚೇತರಿಸಿಕೊಂಡು ಮತ್ತೆ ಹೊರಬಂದು ಆರೋಪ ಸುಳ್ಳೆಂದು ನೇರವಾಗಿ ಹೇಳಿದಳು. ಅದೇ ವರ್ಷ ವ್ಯಂಗ್ಯಚಿತ್ರಕಾರ ಗಿಲ್‌ರೇ ಆಕೆಯನ್ನು ಹಣದ ಚೀಲಕ್ಕೆ ಕೈಚಾಚುವ ದುರಂತದೇವತೆಯಾಗಿ ಚಿತ್ರಿಸಿದ. ಆಕೆ ಹಣದ ಬಗ್ಗೆ ಎಚ್ಚರವಾಗಿದ್ದದ್ದು ನಿಜ, ಇರಲೇಬೇಕಿತ್ತು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ವಿವಾಹಿತೆಯ ಗಳಿಕೆ ಗಂಡನ ಸ್ವತ್ತು, 1870ರ ಕಾಯಿದೆಯವರೆಗೂ ಇದೇ ಸ್ಥಿತಿ. ಗಂಡ ನಟನಾಗಿ ಹೆಸರು ಮಾಡಲಿಲ್ಲ, ಆಕೆಯ ಹಣವನ್ನು ನಿರ್ವಹಿಸುತ್ತಿದ್ದವನು ಅವನೇ. ಇತ್ತ ಷೆರಿಡನ್ ಸಂಬಳ ಬಾಕಿ ಉಳಿಸಿಕೊಳ್ಳುವುದರಲ್ಲಿ ಕುಖ್ಯಾತ. ಹೀಗೆ ದುಡಿದದ್ದು ಕೈಗೆ ಬರುವುದೇ ಕಷ್ಟ, ಬಂದರೆ ಕಾನೂನಿನ ಪ್ರಕಾರ ತನ್ನದಲ್ಲ ಎಂಬ ಸ್ಥಿತಿಯಲ್ಲಿ ಏಳು ಮಕ್ಕಳ ತಾಯಿಯೊಬ್ಬಳು ಲೆಕ್ಕ ಇಟ್ಟದ್ದನ್ನು ನಾನು ದೋಷವೆಂದು ಎಣಿಸಲಾರೆ.

ಮಕ್ಕಳ ವಿಷಯದಲ್ಲಿ ನಿಮಗೆ ಸಿಕ್ಕ ಮಾತು ಕ್ರೂರವಾದದ್ದು, ಅಪೂರ್ಣವಾದದ್ದು ಕೂಡ. ಏಳು ಮಕ್ಕಳಲ್ಲಿ ಐವರನ್ನು ಆಕೆ ಬದುಕಿರುವಾಗಲೇ ಕಳೆದುಕೊಂಡಳು. 1798ರಲ್ಲಿ ಬ್ರಿಸ್ಟಲ್ ಬಳಿಯ ಕ್ಲಿಫ್ಟನ್‌ನಲ್ಲಿ ಹತ್ತೊಂಬತ್ತರ ಮಗಳು ಮರಿಯಾ ತೀರಿಕೊಂಡಾಗ ತಾಯಿ ಪಕ್ಕದಲ್ಲೇ ಇದ್ದಳು. 1803ರಲ್ಲಿ ಹಿರಿಯ ಮಗಳು ಸ್ಯಾಲಿ ತೀರಿಕೊಂಡಾಗ ಇರಲಿಲ್ಲ. ಐರ್ಲೆಂಡಿನ ಪ್ರವಾಸದಲ್ಲಿದ್ದಳು, ಕಾಯಿಲೆಯ ತೀವ್ರತೆ ಆಕೆಗೆ ಸರಿಯಾಗಿ ತಿಳಿದಿರಲಿಲ್ಲ, ಹೊರಟಾಗ ಸಮುದ್ರ ದಾಟಲು ಹವಾಮಾನ ಬಿಡಲಿಲ್ಲ. ಇದನ್ನು ‘ರಂಗ ಬಿಡಲಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಆಕೆಯನ್ನು ಮೀರಿ ಬದುಕಿದವರು ಕಿರಿಯ ಮಗಳು ಸಿಸಿಲಿಯಾ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಬಂಗಾಳಕ್ಕೆ ಬಂದ ಮಗ ಜಾರ್ಜ್. ಚಿತ್ರಕಾರ ಥಾಮಸ್ ಲಾರೆನ್ಸ್ ಇಬ್ಬರು ಹೆಣ್ಣುಮಕ್ಕಳ ನಡುವೆ ತೂಗಾಡಿದ ಪ್ರಸಂಗ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಅದು ಬೇರೆಯೇ ಒಂದು ನಾಟಕ, ಒಂದು ಗಂಟೆಯ ಪ್ರಯೋಗದೊಳಗೆ ಅದನ್ನು ತುರುಕಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಆಕೆ ಅಭಿನಯಿಸುತ್ತಿದ್ದುದು ಹೇಗೆ? ಧ್ವನಿಮುದ್ರಣಕ್ಕೆ ಬಹಳ ಮುಂಚಿನ ಕಾಲವಾದರೂ ದಾರಿ ಇದೆ, ಮುಖ್ಯವಾಗಿ ಲೇಡಿ ಮ್ಯಾಕ್‌ಬೆತ್ ಪಾತ್ರದ ಮಟ್ಟಿಗೆ. ಲಂಡನ್ನಿನಲ್ಲಿ ಆಕೆ ಆ ಪಾತ್ರವನ್ನು ಮೊದಲು ಆಡಿದ್ದು 1785ರ ಫೆಬ್ರವರಿ 2ರಂದು. ನಿದ್ರಾನಡಿಗೆಯ ದೃಶ್ಯದಲ್ಲಿ ಹಿಂದಿನ ಪ್ರಸಿದ್ಧ ನಟಿ ಪ್ರಿಚರ್ಡ್ ಮೇಣದಬತ್ತಿಯನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದಿರುತ್ತಿದ್ದಳು. ಸಿಡನ್ಸ್ ಅದನ್ನು ಕೆಳಗಿಡಲಿದ್ದಾಳೆಂದು ತಿಳಿದ ಷೆರಿಡನ್ ನೇಪಥ್ಯಕ್ಕೇ ಬಂದು ಬೇಡವೆಂದು ಒತ್ತಾಯಿಸಿದ. ರಕ್ತದ ಕಲೆಯನ್ನು ತೊಳೆಯುವವಳ ಎರಡೂ ಕೈಗಳು ಬಿಡುವಾಗಿರಬೇಡವೇ ಎಂಬುದು ಆಕೆಯ ತರ್ಕ. ಬತ್ತಿಯನ್ನು ಕೆಳಗಿಟ್ಟಳು, ಪ್ರೇಕ್ಷಕರು ಒಪ್ಪಿದರು, ಷೆರಿಡನ್ ಬಂದು ಅಭಿನಂದಿಸಿದ. ಇದು ಆಕೆಯೇ ಹೇಳಿದ ಪ್ರಸಂಗ, ನಂಬಬಹುದಾದದ್ದು. ಇನ್ನೂ ಅಮೂಲ್ಯವಾದದ್ದು, ಮುಂದೆ ಎಡಿನ್‌ಬರೋದಲ್ಲಿ ಕಾನೂನು ಪ್ರಾಧ್ಯಾಪಕನಾದ ಜಾರ್ಜ್ ಜೋಸೆಫ್ ಬೆಲ್ 1809ರ ಸುಮಾರಿಗೆ ಆಕೆಯ ಅಭಿನಯವನ್ನು ನೋಡುತ್ತ ಮಾಡಿಕೊಂಡ ಟಿಪ್ಪಣಿ. ಯಾವ ಪದದ ಮೇಲೆ ಒತ್ತು, ಎಲ್ಲಿ ಪಿಸುಮಾತು, ಯಾವಾಗ ಅಂಗೈ ಮೇಲಾಯಿತು ಎಂಬುದನ್ನೆಲ್ಲ ಆತ ಗುರುತಿಸಿದ್ದಾನೆ. ‘ನಾವು ಸೋತರೆ?’ ಎಂದು ಮ್ಯಾಕ್‌ಬೆತ್ ಕೇಳಿದಾಗ ಆಕೆ ಉತ್ತರಿಸುತ್ತಿದ್ದ ರೀತಿ ವರ್ಷಗಳಲ್ಲಿ ಬದಲಾಯಿತೆಂದು ಲೇಖಕಿ ಅನ್ನಾ ಜೇಮ್ಸನ್ ಬರೆದಿದ್ದಾಳೆ. ಮೊದಲು ತಿರಸ್ಕಾರದ ಪ್ರಶ್ನೆ, ನಂತರ ಉದ್ಗಾರ, ಕೊನೆಗೆ ಧ್ವನಿ ಕೆಳಗಿಳಿಸಿ, ಸೋತರೆ ಸೋತೆವು, ಅಲ್ಲಿಗೆ ಮುಗಿಯಿತು ಎಂಬ ನಿರ್ಧಾರ. ಈ ಪಾತ್ರದ ಬಗ್ಗೆ ಆಕೆಯೇ ಬರೆದ ಪ್ರಬಂಧವೊಂದನ್ನೂ ಕ್ಯಾಂಬೆಲ್ 1834ರಲ್ಲಿ ಪ್ರಕಟಿಸಿದ. ಅದರಲ್ಲಿ ಲೇಡಿ ಮ್ಯಾಕ್‌ಬೆತ್ ಬಿಳಿಚರ್ಮದ, ಕೋಮಲೆಯಾದ, ಬಹುಶಃ ಸುಕುಮಾರಿಯಾದ ಹೆಣ್ಣು. ಬೆಲ್ ಕಂಡದ್ದಾದರೋ ಗಂಡನನ್ನು ತನ್ನ ಉಪಕರಣವನ್ನಾಗಿ ಮಾಡಿಕೊಂಡ ಅಮಾನುಷ ಶಕ್ತಿಯನ್ನು. ಈ ಅಂತರವೇ ನಟಿಯೊಬ್ಬಳಿಗೆ ದೊಡ್ಡ ನಿಧಿ.

ನಿಮ್ಮ ಮುಂದೆ ನನಗೆ ಕಾಣುವುದು ಮೂರು ದಾರಿಗಳು. ದಂತಕಥೆಯನ್ನೇ ಆಡುವುದು ಒಂದು. ಅದು ರಂಜಿಸುತ್ತದೆ, ಆದರೆ ನೀವು ರಂಗದಿಂದ ಹೇಳಿದ್ದನ್ನು ಪ್ರೇಕ್ಷಕರು ಇತಿಹಾಸವೆಂದೇ ಮನೆಗೆ ಒಯ್ಯುತ್ತಾರೆ. ಈ ದಾರಿ ಬೇಕೆಂದರೆ ಪತ್ರಿಕೆಯವನು, ವ್ಯಂಗ್ಯಚಿತ್ರಕಾರ, ಚಿತ್ರಕಾರ ಹೀಗೆ ಕಥೆ ಕಟ್ಟಿದವರ ಬಾಯಲ್ಲೇ ಅದನ್ನು ಹೇಳಿಸಿ. ಚಿತ್ರಕಾರ ರೆನಾಲ್ಡ್ಸ್ ಆಕೆಯನ್ನು ದುರಂತದ ಅಧಿದೇವತೆಯಾಗಿ ಸಿಂಹಾಸನದ ಮೇಲೆ ಕೂರಿಸಿ 1784ರಲ್ಲಿ ಮುಗಿಸಿದ ಚಿತ್ರ ಅಂಥ ಒಂದು ಕಥೆಯೇ, ಉಡುಪಿನ ಅಂಚಿನ ಮೇಲೆ ಆತ ತನ್ನ ಹೆಸರನ್ನು ಬರೆದಿರುವುದನ್ನು ಇಂದಿಗೂ ನೋಡಬಹುದು.

ಎರಡನೆಯದು ಬೆಲ್‌ನ ಟಿಪ್ಪಣಿಯಿಂದ ಆಕೆಯ ಅಭಿನಯವನ್ನು ಪುನರ್ರಚಿಸುವುದು. ಇದರ ಅಪಾಯ ರಂಗಮಂದಿರದ ಅಳತೆಯಲ್ಲಿದೆ. 1794ರ ಏಪ್ರಿಲ್‌ನಲ್ಲಿ ನಾಟಕ ಪ್ರದರ್ಶನಕ್ಕೆ ತೆರೆದ ಹೊಸ ಡ್ರೂರಿ ಲೇನ್‌ನಲ್ಲಿ 3,600ಕ್ಕೂ ಹೆಚ್ಚು ಜನ ಕೂರುತ್ತಿದ್ದರು. ಅಲ್ಲಿನ ಮೊದಲ ‘ಮ್ಯಾಕ್‌ಬೆತ್’ನಲ್ಲಿ ಆಕೆ ಆರು ತಿಂಗಳ ಗರ್ಭಿಣಿಯಾಗಿದ್ದುಕೊಂಡೇ ಅಭಿನಯಿಸಿದಳು. ಅಂಥ ಕಟ್ಟಡಗಳಿಗೆ ತಕ್ಕಂತೆ ಆಕೆಯ ಚಲನೆ ಹಿಗ್ಗಿತು, ಮಾತು ನಿಧಾನವಾಯಿತು. ಅದನ್ನೇ ಮುನ್ನೂರು ಆಸನಗಳ ಮಂದಿರದಲ್ಲಿ ನಕಲು ಮಾಡಿದರೆ ಅತಿರೇಕವಾಗಿ ಕಾಣುತ್ತದೆ, ಮೈಕ್ ಇದ್ದರಂತೂ ಇನ್ನಷ್ಟು. ಒಂದು ದೃಶ್ಯಕ್ಕೆ, ನಾಲ್ಕೈದು ನಿಮಿಷಕ್ಕೆ ಸೀಮಿತವಾಗಿಟ್ಟರೆ ಮಾತ್ರ ಇದು ಬೆಳಗುತ್ತದೆ.

ಮೂರನೆಯದು ದುಡಿಮೆಯ ಬದುಕನ್ನೇ ನಾಟಕದ ಬೆನ್ನೆಲುಬಾಗಿ ಮಾಡುವುದು. ಪ್ರದರ್ಶನ ಲೆಕ್ಕದ ಪುಸ್ತಕದಂತೆ ಒಣಗಬಹುದು, ಅಥವಾ ಸತ್ತ ಮಕ್ಕಳ ದುಃಖವನ್ನು ಪ್ರೇಕ್ಷಕರ ಕಣ್ಣೀರಿಗಾಗಿ ದುಡಿಸಿಕೊಳ್ಳುವ ಆಸೆ ಹುಟ್ಟಬಹುದು. ಎರಡೂ ಅಪಾಯಗಳು ನಿಜ. ಆದರೂ ನನ್ನ ಸಲಹೆ ಇದೇ, ಎರಡನೆಯ ದಾರಿಯ ಒಂದೇ ಒಂದು ತುಣುಕನ್ನು ಅದರೊಳಗೆ ಸೇರಿಸಿ. ಆ ತುಣುಕಿಗೆ ನಿದ್ರಾನಡಿಗೆಗಿಂತಲೂ ಒಳ್ಳೆಯ ಆಯ್ಕೆ ಆಕೆಯ ಪ್ರಬಂಧದಲ್ಲೇ ಇದೆ. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ನಾಳೆಯ ಪ್ರದರ್ಶನಕ್ಕೆಂದು ಲೇಡಿ ಮ್ಯಾಕ್‌ಬೆತ್ ಪಾತ್ರವನ್ನು ಬಾಯಿಪಾಠ ಮಾಡಲು ಕುಳಿತಳು. ಮಾತು ಕಲಿತರೆ ಸಾಕೆಂದುಕೊಂಡಿದ್ದವಳು ಕೊಲೆಯ ದೃಶ್ಯಕ್ಕೆ ಬಂದಾಗ ಹೆದರಿ, ಬತ್ತಿಯನ್ನು ಎತ್ತಿಕೊಂಡು ಮೆಟ್ಟಿಲೇರಿದಳು. ತನ್ನದೇ ರೇಷ್ಮೆ ಉಡುಪಿನ ಸರಸರ ಶಬ್ದ ಭೂತವೊಂದು ಬೆನ್ನಟ್ಟಿದಂತೆ ಕೇಳಿತು, ಗಂಡ ಮಲಗಿದ್ದ ಕೋಣೆಗೆ ಓಡಿ, ಬಟ್ಟೆಯನ್ನೂ ಬದಲಿಸದೆ ಹಾಸಿಗೆಗೆ ಬಿದ್ದಳು. ಇದರಲ್ಲಿ ದುಡಿಮೆಯೂ ಇದೆ, ಭಯವೂ ಇದೆ, ಪಾತ್ರ ಮೊದಲ ಬಾರಿಗೆ ಮೈಗೆ ತಾಗಿದ ಗಳಿಗೆಯೂ ಇದೆ, ಮೇಲಾಗಿ ಅದು ಆಕೆಯದೇ ಮಾತು.

ಅಂತ್ಯದ ಬಗ್ಗೆ ಒಂದು ಎಚ್ಚರಿಕೆ. 1812ರ ಜೂನ್ 29ರ ವಿದಾಯದ ರಾತ್ರಿ, ನಿದ್ರಾನಡಿಗೆಯ ದೃಶ್ಯವಾದ ಮೇಲೆ ನಾಟಕವನ್ನು ಮುಂದುವರಿಸಲು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದ ಪ್ರೇಕ್ಷಕರು ಬಿಡಲಿಲ್ಲ ಎಂಬುದು ನಿಜ, ಅದರಲ್ಲೇ ಮುಗಿಸಲು ಮನಸ್ಸಾಗುವುದು ಸಹಜ. ಆದರೆ ಅದು ಆಕೆಯ ಕೊನೆಯ ಪ್ರದರ್ಶನವಲ್ಲ. ಅದಾದ ಮೇಲೂ ಆಗಾಗ ರಂಗಕ್ಕೆ ಬಂದಳು, 1819ರ ಜೂನ್‌ನಲ್ಲಿ ತಮ್ಮ ಚಾರ್ಲ್ಸ್ ಕೆಂಬಲ್‌ನ ಬೆನಿಫಿಟ್ ರಾತ್ರಿಗೆ ‘ಡಗ್ಲಸ್’ ನಾಟಕದಲ್ಲಿ ಲೇಡಿ ರ‍್ಯಾಂಡಾಲ್ಫ್ ಆಗಿ ನಿಂತಾಗ ಆಕೆಗೆ ಅರವತ್ತಮೂರು ವರ್ಷ. ತೀರಿಕೊಂಡದ್ದು 1831ರ ಜೂನ್ 8ರಂದು. ಸಹನಟರ ಬೆನಿಫಿಟ್‌ಗೆ ಆಡಲಿಲ್ಲವೆಂದು ಒಮ್ಮೆ ಧಿಕ್ಕಾರ ಕೇಳಿದವಳು ಇಳಿವಯಸ್ಸಿನಲ್ಲಿ ಇನ್ನೊಬ್ಬರ ಬೆನಿಫಿಟ್‌ಗಾಗಿಯೇ ರಂಗ ಹತ್ತಿದ ಈ ಸಂಗತಿಯನ್ನು ನಿಮ್ಮ ಕರಡಿನಲ್ಲಿ 1784ರ ಪ್ರಸಂಗದ ಜೊತೆಗಿಟ್ಟು ಬರೆದು ನೋಡಿ. ವಿದಾಯದ ರಾತ್ರಿಯನ್ನು ಬಿಟ್ಟರೂ ಪ್ರಯೋಗ ನಿಲ್ಲುತ್ತದೆಯೇ ಎಂಬುದು ಮೊದಲ ಓದಿನಲ್ಲೇ ನಿಮಗೆ ಗೊತ್ತಾಗುತ್ತದೆ.